ಅರ್ಧ ಹೆಸರಿಗೆ ಓಗೊಟ್ಟವನು

"ಅಯ್ಯನವರೇ, ದೇವರನ್ನು ತಪ್ಪು ಹೆಸರಿನಿಂದ ಕರೆದರೆ ಆ ಕರೆ ಎಲ್ಲಿಗೆ ಹೋಗುತ್ತದೆ?" ಎಂದು ಜಯಶೀಲ ಕೇಳಿದ.

ಅವನು ಪಾದ್ರಿಯಾಗಲು ಓದುತ್ತಿದ್ದವನು. ಗುರು ದೇವದಾನಪ್ಪನವರು ಕನ್ನಡಕ ತೆಗೆದಿಟ್ಟು, "ಯಾಕಪ್ಪ, ಏನಾಯಿತು?" ಎಂದರು.

"ಹೀಬ್ರೂ ಪಾಠದಲ್ಲಿ ಕಲಿತೆ. ದೇವರ ಹೆಸರಿಗೆ ಮೂಲದಲ್ಲಿ ನಾಲ್ಕೇ ಅಕ್ಷರ, ಅವೂ ಬರೀ ವ್ಯಂಜನ. 'ಇರು' ಎಂಬ ಮಾತಿನಿಂದ ಹುಟ್ಟಿದ್ದು ಅನ್ನುತ್ತಾರೆ. ಹೀಬ್ರೂ ಜನದ ಹಿರಿಯರು ಭಯಭಕ್ತಿಯಿಂದ ಅದನ್ನು ಬಾಯಿಬಿಟ್ಟು ಹೇಳುವುದನ್ನೇ ನಿಲ್ಲಿಸಿದರು. ಅದು ಬಂದಲ್ಲೆಲ್ಲ 'ಒಡೆಯ' ಎಂದು ಓದಿದರು. ಹಾಗೆ ಓದುವುದು ನೆನಪಿರಲೆಂದು ಒಡೆಯ ಎಂಬ ತಮ್ಮ ಮಾತಿನ ಸ್ವರಗಳನ್ನು ಆ ನಾಲ್ಕು ಅಕ್ಷರಗಳಿಗೆ ಹಚ್ಚಿಟ್ಟರು. ಹೊರಗಿನವರು ಬಂದು ಎರಡನ್ನೂ ಕೂಡಿಸಿ ಓದಿಬಿಟ್ಟರು. ಅದೇ ನಮ್ಮ ಯೆಹೋವ. ನಿಜವಾದದ್ದು ಯಾಹ್ವೆ ಇದ್ದೀತು ಅನ್ನುತ್ತಾರೆ, ಅದೂ ಖಾತ್ರಿಯಿಲ್ಲ." ಅವನ ದನಿ ಇಳಿಯಿತು. "ನಮ್ಮವ್ವ 'ಯೆಹೋವನೇ, ಯೆಹೋವನೇ' ಅನ್ನುತ್ತಲೇ ಪ್ರಾಣ ಬಿಟ್ಟಳು. ಅಂಥ ಹೆಸರಿನವರು ಯಾರೂ ಇಲ್ಲದಿದ್ದರೆ ಅವ್ವ ಕರೆದದ್ದು ಯಾರನ್ನು?"

"ಕೂತುಕೋ," ಎಂದರು ಗುರುಗಳು. ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಉಪ್ಪಿನ ವರ್ತಕನಿದ್ದ. ದೂರದ ಸೀಮೆಗೆ ಉಪ್ಪು ತರಲು ಹೋದವನು ಬರುವಾಗ ಉಪ್ಪಿನ ಜೊತೆ ಹೆಂಡತಿಯನ್ನೂ ತಂದ. ಧಾರೆ ಎರೆದವರು ಯಾರು, ಊಟ ಉಂಡವರು ಯಾರು, ಒಬ್ಬರೂ ಕಂಡವರಿಲ್ಲ. ಕೇರಿಯ ಹೆಂಗಸರ ಬಾಯಿಗೆ ಕೆಲಸ ಸಿಕ್ಕಿತು. ಅವಳ ತಾಳಿ ಅವನೇ ಕಟ್ಟಿದ್ದೋ, ಸಂತೆಯಲ್ಲಿ ಕೊಂಡದ್ದೋ ಎಂದು ಕೊಡ ತುಂಬಿದ ಮೇಲೂ ಬಾವಿಕಟ್ಟೆಯಲ್ಲಿ ನಿಂತು ಮಾತಾಡಿದರು. ವರುಷಗಳು ಉರುಳಿದವು. ಆ ಮಾತು ಮಾತ್ರ ಹಳಸಲಿಲ್ಲ.

ಅವಳು ಎಲ್ಲ ಗೃಹಿಣಿಯರ ಹಾಗೆ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವಳ ನಂಬಿಕೆ. ಅದೇ ಹೆಸರಿನ ಬೇರೆ ಗಂಡಸು ಬೀದಿಯಲ್ಲಿ ಹೋದರೂ "ಅವರ ಹೆಸರಿನವರು ಹೋದರು" ಅನ್ನುವಳು. ಸ್ನಾನಕ್ಕೆ ನೀರು ಕಾದಾಗ ಗಂಡನನ್ನು ಕರೆಯಬೇಕಾದರೂ ಬಾಗಿಲ ಮರೆಯಿಂದ "ಏನೂಂದ್ರೆ" ಅನ್ನುವಳು. ಅವನು ಬರುವನು. ಅವರ ಸಂಸಾರ ಅಷ್ಟರಲ್ಲೇ ನಡೆಯಿತು.

ಒಂದು ಸಲ ಬಂದರಿನ ಊರಿನ ಛತ್ರಕ್ಕೆ ಬೆಂಕಿ ಬಿತ್ತು. ಅಲ್ಲಿ ತಂಗಿದ್ದವರಲ್ಲಿ ಈ ವರ್ತಕನೂ ಇದ್ದ. ಮೈ ಸುಟ್ಟುಕೊಂಡವರನ್ನು ಒಂದು ಕೊಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ, ಮುಖಕ್ಕೆ ಬಾಳೆಯೆಲೆ ಹೊದಿಸಿದ್ದರು. ಎಲೆ ಎತ್ತಿದರೆ ಚರ್ಮವೇ ಕಿತ್ತುಬರುವ ಸ್ಥಿತಿ. ಹಾಗಾಗಿ ಬಂಧುಗಳು ಬಾಗಿಲಲ್ಲಿ ನಿಂತು ಹೆಸರು ಕೂಗಬೇಕು, ಓಗೊಟ್ಟವನನ್ನು ಕರೆದೊಯ್ಯಬೇಕು. ಯಾರೂ ಕರೆಯದೆ ಉಳಿದವರನ್ನು ಸಂಜೆ ದೋಣಿಯಲ್ಲಿ ಹೊಳೆಯ ಆಚೆ ದಡಕ್ಕೆ ಸಾಗಿಸುವರು. ಆಚೆ ದಡಕ್ಕೆ ಹೋದವರು ಮರಳಿದ್ದನ್ನು ಯಾರೂ ಕಂಡಿರಲಿಲ್ಲ.

ಸುದ್ದಿ ಕೇಳಿ ಅವಳು ಓಡಿದಳು. ವರ್ತಕನ ಅಕ್ಕನೂ ಬಂದಳು. ನೋಡಿ ಬರೋಣವೆಂದು ಕೇರಿಯ ನಾಲ್ಕಾರು ಹೆಂಗಸರೂ ಬಂದರು. ಇಂಥದ್ದನ್ನು ಬಿಟ್ಟಾರೆಯೇ?

ಅಕ್ಕ ಬಾಗಿಲಲ್ಲಿ ನಿಂತು ತಮ್ಮನ ಹೆಸರು ಕೂಗಿದಳು. ತೊಟ್ಟಿಲಲ್ಲಿ ಇಟ್ಟ ಹೆಸರು, ಅಪ್ಪನ ಹೆಸರು, ಊರ ಹೆಸರು, ಒಂದಕ್ಷರ ತಪ್ಪಲಿಲ್ಲ. ಇಬ್ಬರು ಓಗೊಟ್ಟರು. ಒಬ್ಬ ಅದೇ ಹೆಸರಿನ ಗಾಣಿಗ. ಇನ್ನೊಬ್ಬ ದಿಕ್ಕಿಲ್ಲದ ಮುದುಕ. ಯಾರಾದರೂ ಕರೆದುಕೊಂಡು ಹೋದಾರೆಂಬ ಆಸೆಯಿಂದ ಅವನು ಬೆಳಗಿನಿಂದ ಎಲ್ಲ ಹೆಸರಿಗೂ ಓಗೊಡುತ್ತಿದ್ದ. ವರ್ತಕ ಮಾತ್ರ ಮಿಸುಕಲಿಲ್ಲ. ನೋವಿಗೆ ಅವನ ಬುದ್ಧಿ ಮಸುಕಾಗಿತ್ತು. ಅಕ್ಕ ಹೊಸ್ತಿಲ ಮೇಲೆ ಕುಸಿದು ಅತ್ತಳು.

ಕಾವಲಿನವನು ಹೆಂಡತಿಯ ಕಡೆ ತಿರುಗಿದ. ಅವನು ಬೇರೆ ದೇಶದವನು. "ನೀನು ಕೂಗಮ್ಮ. ದೋಣಿ ಬಂದಾಯಿತು."

"ನಾನು ಹೇಗೆ ಹೇಳಲಿ?" ಎಂದಳು ಅವಳು.

"ಹೆಸರು ಗೊತ್ತಿಲ್ಲದವಳಿಗೆ ಗಂಡ ಎಲ್ಲಿಂದ ಬಂದ?"

"ನಾವೂ ಇಷ್ಟು ದಿನ ಅದನ್ನೇ ಕೇಳುತ್ತಿದ್ದೆವಪ್ಪ," ಎಂದಳು ಕೇರಿಯವಳೊಬ್ಬಳು, ಎಲ್ಲರಿಗೂ ಕೇಳುವ ಹಾಗೆ. ತಮ್ಮ ಗಂಡಂದಿರ ಹೆಸರನ್ನು ಒಮ್ಮೆಯೂ ಹೇಳದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು.

ಹೇಳಿದರೆ ಅವನ ಆಯಸ್ಸಿಗೆ ಕುತ್ತು. ಹೇಳದಿದ್ದರೆ ದೋಣಿ. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ಮದುವೆಯಾದಂದಿನಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಹೆಸರು ಅದು, ನಾಲಿಗೆಗೆ ಪಳಗಿದ್ದಲ್ಲ. ಅರ್ಧ ಹೇಳುವಷ್ಟರಲ್ಲಿ ನಾಲಿಗೆ ತನ್ನ ಹಳೆಯ ದಾರಿಗೆ ಹೊರಳಿತು. ಅರ್ಧ ಹೆಸರು, ಅರ್ಧ ಏನೂಂದ್ರೆ, ಎರಡೂ ಅಂಟಿಕೊಂಡು ಹೊರಗೆ ಬಂದವು. ಹುಟ್ಟಿದ ಯಾವ ಮನುಷ್ಯನಿಗೂ ಯಾರೂ ಇಟ್ಟಿರದ ಹೆಸರು.

ಹೆಂಗಸರು ಈಗ ಸೆರಗು ತೆಗೆದೇ ನಕ್ಕರು. "ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ, ಹೋಗಮ್ಮ," ಎಂದ ಕಾವಲಿನವನು.

ಮೂಲೆಯಲ್ಲಿ ಒಂದು ಬಾಳೆಯೆಲೆ ಅಲುಗಿತು. "ಬಂದೆ," ಎಂದಿತು ಒಂದು ದನಿ. "ನೀರು ಕಾದಿದೆಯೇನು?"

"ಕಾದಿದೆ, ಬನ್ನಿ," ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಜಯಶೀಲ ಕಣ್ಣೊರೆಸಿಕೊಂಡ. ಆದರೆ ಓದಿದ ಹುಡುಗ, ಅಷ್ಟಕ್ಕೆ ಬಿಡಲಿಲ್ಲ. "ಆದರೂ ಅಯ್ಯನವರೇ, ಅವಳು ಕೂಗಿದ್ದು ತಪ್ಪು ಹೆಸರೇ ತಾನೇ?" ಎಂದ.

"ಹೊರಗೆ ನಿಂತವರು ಹಾಗಂದರು," ಎಂದರು ಗುರುಗಳು. "ಒಳಗಿದ್ದವನು ಅಂದನೇನಪ್ಪ?"