ಮರಿಸಿದ್ದ ಬ್ರಷ್ಷು ಬದಲಾಯಿಸಿದ್ದು

ಎಲ್ಲರೂ ಹಲ್ಲುಜ್ಜಿ ಬಂದಿದ್ದೀರಿ ತಾನೇ? ಹಾಗಾದರೆ ಬಾಯಿ ತೆರೆದು ನಗಬಹುದು, ಕೇಳಿ.

ಪುಟ್ಟಗೌರಮ್ಮನಿಗೆ ಒಬ್ಬನೇ ಮಗ, ಮರಿಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಹಾಪೆದ್ದ. ಇವನಿಗೆ ಹೆಣ್ಣು ಕೊಡುವವರು ಯಾರು ಅಂತ ತಾಯಿಗೆ ಅದೇ ಚಿಂತೆ. ಕೊನೆಗೂ ಒಂದು ಸಂಬಂಧ ಕುದುರುವ ಹಾಗೆ ಕಂಡಿತು. ಬರುವ ವಾರ ಹುಡುಗಿಯ ಅಪ್ಪ ಇವನನ್ನು ನೋಡೋಕೆ ಬರ್ತಾರಂತೆ!

ತಾಯಿ ಮಗನ ಬ್ರಷ್ಷು ನೋಡಿ ಹೌಹಾರಿದಳು. ಐದು ವರ್ಷದ್ದು!

"ಹಳೇ ಬ್ರಷ್ಷಲ್ಲಿ ಉಜ್ಜಬಾರದು ಕಣೋ! ಎಸೆದು ಹೊಸದು ತಾ!"

ತಂದ. ಮಾರನೇ ದಿನ ಇನ್ನೊಂದು ತಂದ. ಅದರ ಮಾರನೇ ದಿನ ಮತ್ತೊಂದು.

"ಇದೇನೋ ಇದು?"

"ನಿನ್ನೆ ಉಜ್ಜಿದ್ದು ಇವತ್ತಿಗೆ ಹಳೇದಲ್ವೇನಮ್ಮ? ಎಸೆದೆ!"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಒಂದು ಬ್ರಷ್ಷಲ್ಲಿ ಮೂರು ತಿಂಗಳು ಉಜ್ಜಬೇಕು!"

ಸರಿ, ಉಜ್ಜಿದ. ತಿಂಡಿ ಹೊತ್ತಾಯ್ತು, ಉಜ್ಜಿದ. ಊಟದ ಹೊತ್ತಾಯ್ತು, ಉಜ್ಜಿದ. ಸಂಜೆಯಾದರೂ ಜಗಲಿ ಮೇಲೆ ಕೂತು ಉಜ್ಜುತ್ತಲೇ ಇದ್ದ, ಗಲ್ಲದ ತುಂಬ ನೊರೆ.

"ಏಳೋ, ಊಟಕ್ಕೆ ಬಾರೋ!"

"ಇನ್ನೂ ಮೂರು ತಿಂಗಳಾಗಿಲ್ಲಮ್ಮ!"

ತಾಯಿ ಬ್ರಷ್ಷು ಕಿತ್ತುಕೊಂಡಳು. "ತಿಂಗಳ ಮಾತು ಬಿಡು ಮಾರಾಯ! ಕೂದಲು ಕೆದರಿದ್ದು ಕಂಡರೆ ಹೊಸದು ತಾ, ಅಷ್ಟೇ. ಹಳೇದನ್ನ ಎಸೀಬೇಡ, ಪೈಜಾಮಕ್ಕೆ ಲಾಡಿ ಪೋಣಿಸೋಕೆ ಬೇಕಾಗುತ್ತೆ!"

"ಹೂಂ ಅಮ್ಮ!"

ಹುಡುಗಿಯ ಅಪ್ಪ ಬಂದರು. ಪೊದೆ ಮೀಸೆ, ಬಸ್ಸಿನ ಗಾಳಿಗೆ ಕೆದರಿತ್ತು. ಉಪ್ಪಿಟ್ಟಿನ ತಟ್ಟೆ ಕೈಗೆ ತಗೊಂಡು ಹುಡುಗನ ಫಳಫಳ ಹಲ್ಲು ನೋಡಿದರು, ತಲೆಯಾಡಿಸಿದರು. ಪುಟ್ಟಗೌರಮ್ಮನ ಎದೆ ಹಿಗ್ಗಿತು.

"ಲಕ್ಷಣವಾಗಿದ್ದೀಯ. ಏನಾದ್ರೂ ಮಾತಾಡಪ್ಪ!"

"ಮಾವ, ನಿಮ್ಮದು ಕೆದರಿಬಿಟ್ಟಿದೆ! ಹೊಸದು ತಗೊಳ್ಳಿ. ಹಳೇದು ಇತ್ತ ಕೊಡಿ, ಲಾಡಿ ಪೋಣಿಸ್ತೀನಿ!" ಅಂತ ಮೀಸೆಗೇ ಕೈ ಹಾಕಿದ.

ಉಪ್ಪಿಟ್ಟು ಹಾಗೇ ಉಳಿಯಿತು. ಮಾವ ಉಳಿಯಲಿಲ್ಲ.

"ಕೈಗೆ ಬಂದದ್ದು ಹೋಯ್ತಲ್ಲೋ!" ಪುಟ್ಟಗೌರಮ್ಮ ಹೊಸ್ತಿಲಲ್ಲಿ ಕೂತು ತಲೆ ತಲೆ ಚಚ್ಚಿಕೊಂಡಳು. ತುರುಬು ಬಿಚ್ಚಿಹೋಯ್ತು. ಮರಿಸಿದ್ದ ನೋಡಿದ, ಗಾಬರಿಯಾದ, ಒಂದೇ ಓಟಕ್ಕೆ ಅಂಗಡಿಗೆ ಓಡಿದ.

"ಶೆಟ್ರೇ, ಬೇಗ ಒಂದು ಹೊಸ ಅಮ್ಮ ಕೊಡಿ!"

"ಯಾಕೋ, ಇರೋ ಅಮ್ಮನಿಗೇನಾಯ್ತು?"

"ಕೂದಲು ಕೆದರಿಬಿಟ್ಟಿದೆ! ಆದ್ರೆ ಹಳೇ ಅಮ್ಮನ್ನ ಎಸೆಯಲ್ಲ ಶೆಟ್ರೇ, ನನ್ನ ಲಾಡಿ ಪೋಣಿಸೋಕೆ ಅವಳೇ ಆಗಬೇಕು!"