ಚೆನ್ನಾಗಿ ಬಂದಿದೆ

ಇದನ್ನು ನನಗೆ ಮೊದಲು ಹೇಳಿದವಳು ನನ್ನ ಸೋದರತ್ತೆಯ ಮಗಳು ವಾಸಂತಿ. ಎಂಆರ್‌ಐ ಕೋಣೆಯ ಗಾಜಿನಾಚೆ ಕೂತು, ಮೈಕಿನಲ್ಲಿ ಜನರಿಗೆ ಉಸಿರು ಹಿಡಿಸುವುದು ಅವಳ ನೌಕರಿ. ಮನೆಯಲ್ಲಿ ಗಂಡನಿಗೂ ಅದನ್ನೇ ಮಾಡುತ್ತಾಳೆ ಎಂಬುದು ನನ್ನ ಗುಮಾನಿ.

ಅಲ್ಲಿ ಹೃದಯದ ಚಿತ್ರ ಓದಲು ಕಲಿಸುವ ಗುರು ಡಾಕ್ಟರ್ ಜಲಜಾಕ್ಷಿ. ಶಿಷ್ಯ ಇಂದುಧರ, ಹೊಸದಾಗಿ ಸೇರಿದ ಡಾಕ್ಟರು.

ಒಂದು ಬೆಳಿಗ್ಗೆ ಕಬಡ್ಡಿ ಮೇಷ್ಟ್ರು ಹೂವಯ್ಯ ಬಂದರು. ಎರಡು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಮುಂದೇನು ಎಂಬುದನ್ನು ಚಿತ್ರ ನೋಡಿ ಹೇಳಬೇಕಿತ್ತು.

"ಉಸಿರು ಹಿಡ್ಕೊಳ್ಳಿ," ಎಂದಳು ವಾಸಂತಿ.

ಹೂವಯ್ಯ ಹಿಡಿದರು. ಬೇರೆಯವರು ನಡುವೆ ಉಸಿರು ಬಿಟ್ಟು ಚಿತ್ರ ಕದಡುತ್ತಾರೆ. ಇವರದು ತಿಳಿನೀರಿನ ಹಾಗೆ ಬಂತು. ಆ ಚಿತ್ರದಲ್ಲಿ ಬದುಕಿರುವ ಸ್ನಾಯು ಕಪ್ಪು, ಸತ್ತದ್ದು ಬಿಳಿ. ಹೃದಯದ ಮುಂಗೋಡೆ ಪೂರ್ತಿ ಬೆಳ್ಳಗಿತ್ತು.

ಹೊರಗೆ ಬಂದು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಹೂವಯ್ಯ ಇಂದುಧರನನ್ನು ಕೇಳಿದರು: "ಹೆಂಗ್ ಬಂತು ಸಾರ್?"

"ತುಂಬಾ ಚೆನ್ನಾಗಿ ಬಂದಿದೆ ಮೇಷ್ಟ್ರೇ! ಇಷ್ಟು ಚೆನ್ನಾಗಿ ಬಂದಿದ್ದನ್ನ ನಾನು ನೋಡೇ ಇಲ್ಲ," ಎಂದ ಇಂದುಧರ.

"ಕೇಳಿಸ್ತೇನೇ ಪುಟ್ಟಲಕ್ಷ್ಮಿ? ನಾಳೆಯಿಂದ ಹುಡುಗ್ರ ಜೊತೆ ಅಂಕಣಕ್ಕೆ ಇಳೀತೀನಿ!"

ಹೆಂಡತಿಯ ಕೈ ಹಿಡಿದುಕೊಂಡೇ ಹೊರಟರು.

ಆಮೇಲೆ ಜಲಜಾಕ್ಷಿ ಬಂದು ಪರದೆ ನೋಡಿದರು. ಬಹಳ ಹೊತ್ತು ನೋಡಿದರು.

"ಎಷ್ಟು ಸ್ಪಷ್ಟ ಅಲ್ವಾ ಮೇಡಂ?"

"ಅವರಿಗೇನು ಹೇಳಿದೆ?"

"ಚೆನ್ನಾಗಿ ಬಂದಿದೆ ಅಂದೆ."

"ಯಾವುದು?"

ಇಂದುಧರ ಪರದೆಯ ಬಿಳಿ ನೋಡಿ ಬಾಗಿಲ ಕಡೆ ತಿರುಗಿದ.

"ಉಸಿರು ಹಿಡಿ," ಎಂದರು ಜಲಜಾಕ್ಷಿ. "ಅವರನ್ನ ಕರ್ಕೊಂಡು ಬಂದ ಮೇಲೆ ಬಿಡು."

ಹೂವಯ್ಯ ಕ್ಯಾಂಟೀನಿನಲ್ಲಿ ಸಿಕ್ಕರು. ಎರಡು ತಿಂಗಳ ಗಂಜಿಯ ನಂತರ ಮೊದಲ ಮಸಾಲೆ ದೋಸೆ. ಇಂದುಧರನ ಮುಖ ನೋಡಿ, ಎತ್ತಿದ ತುತ್ತನ್ನು ತಟ್ಟೆಯಲ್ಲೇ ಇಟ್ಟರು.

"ದೋಸೆ ಅರ್ಧಕ್ಕೇ ಬಿಟ್ಟು ಬಂದ್ರು," ಎನ್ನುತ್ತಲೇ ಪುಟ್ಟಲಕ್ಷ್ಮಿ ಗಂಡನ ಜೊತೆ ಪರದೆಯ ಕೋಣೆಗೆ ಬಂದರು. ಜಲಜಾಕ್ಷಿ ಸುತ್ತಿ ಬಳಸಿ ಮಾತಾಡಲಿಲ್ಲ. "ಮುಂದಿನ ಗೋಡೆ ಸತ್ತಿದೆ ಮೇಷ್ಟ್ರೇ. ಅದು ಮತ್ತೆ ಬರೋದಿಲ್ಲ. ಇಂಥ ಹೃದಯ ಇದ್ದಕ್ಕಿದ್ದ ಹಾಗೆ ನಿಲ್ಲಬಹುದು. ನಿಂತರೆ ತಟ್ಟಿ ಎಬ್ಬಿಸೋಕೆ ಎದೆಯೊಳಗೆ ಒಂದು ಪುಟ್ಟ ಯಂತ್ರ ಇಡಬಹುದು. ಅಂಕಣ ಮಾತ್ರ ಬೇಡ."

"ಎಷ್ಟು ದಿನ ಮೇಡಂ?"

"ಇಂಥವರಲ್ಲಿ ಬೇಗ ಹೋದವರು ತುಂಬ ಜನ. ಉಳಿದವರೂ ಇದ್ದಾರೆ. ನೀವು ಯಾರ ಕಡೆ ಅಂತ ಚಿತ್ರಕ್ಕೆ ಗೊತ್ತಿಲ್ಲ."

ಪುಟ್ಟಲಕ್ಷ್ಮಿ ಇಂದುಧರನತ್ತ ತಿರುಗಿದರು. "ಚೆನ್ನಾಗಿದೆ ಅಂದ್ಯಲ್ಲಪ್ಪಾ?"

"ಫೋಟೋ ಚೆನ್ನಾಗಿತ್ತಮ್ಮ."

"ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಲಾ?"

ಹೂವಯ್ಯ ನಗಲು ನೋಡಿದರು. ಉಸಿರು ಸಾಲಲಿಲ್ಲ.

ಯಂತ್ರಕ್ಕೆ ದಿನ ಗೊತ್ತುಮಾಡಿಕೊಂಡು ಇಬ್ಬರೂ ಹೊರಟರು. ಈ ಸಲ ಕೈ ಹಿಡಿದದ್ದು ಹೆಂಡತಿ.

"ಮೇಡಂ, ನಾನು ಸುಳ್ಳು ಹೇಳಲಿಲ್ಲ," ಎಂದ ಇಂದುಧರ.

"ಇಲ್ಲ, ಹೇಳಲಿಲ್ಲ."

"ಮತ್ತೆ ನಾನೇನು ಮಾಡಲಿ?"

ಜಲಜಾಕ್ಷಿ ಪರದೆ ಆರಿಸಿದರು.

"ನಾಳೆ ನಿನ್ನ ಹತ್ತಿರ ಕಲಿಯೋಕೆ ಯಾರಾದರೂ ಬರ್ತಾರೆ. ಅವರಿಗೆ ಇದನ್ನ ಹೇಳು. ಕಪ್ಪು ಯಾವುದು, ಬಿಳಿ ಯಾವುದು ಅನ್ನೋದು ಪುಸ್ತಕದಲ್ಲಿದೆ. ದೋಸೆ ಅರ್ಧಕ್ಕೇ ಬಿಟ್ಟಿದ್ದರು ಅನ್ನೋದನ್ನ ಮಾತ್ರ ಮರೀದೆ ಹೇಳು."