ಕಲ್ಲುಬಾನಿಯ ಅಲೆ

"ಮತ್ತೆ ಕರೆದಿರಾ ಮೇಡಂ? ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ. ಹೀಗೆ ಎಬ್ಬಿಸುತ್ತಿದ್ದರೆ ನನ್ನ ಲೆಕ್ಕ ಮುಗಿಯುವಷ್ಟರಲ್ಲಿ ಸೂರ್ಯನೇ ಆರಿಹೋಗುತ್ತಾನೆ."

ಶಿಷ್ಯೆ ನಾಗವೇಣಿ ಕೊಡ ಹಿಡಿದು ನಿಂತಿದ್ದಳು. ಗುರು ಭಾಗೀರಥಿಯಮ್ಮ ನಲವತ್ತು ವರ್ಷ ದೂರದರ್ಶಕದಲ್ಲಿ ಸೂರ್ಯನನ್ನೇ ನೋಡಿದವರು. ಈಗ ಹೊಳೆದಂಡೆಯ ಆಶ್ರಮದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಆರುವುದಿಲ್ಲ. ಅಂಗಳದ ಕಲ್ಲುಬಾನಿಗೆ ನೀರು ಹಾಕು. ಎಮ್ಮೆಗಳು ಕುಡಿಯಲು ಬರುವ ಹೊತ್ತು."

ಸೂರ್ಯನ ಮೈಮೇಲೆ ಕಪ್ಪು ಕಲೆಗಳಿವೆ. ಅಲ್ಲಿ ಅಯಸ್ಕಾಂತದ ಬಲ ಬಹಳ ಜೋರು. ಅದರ ನಡುವೆಯೇ ಅಲೆಗಳು ಏಳುತ್ತವೆ. ಹೋಗಿ ನೋಡುವಂತಿಲ್ಲ. ಅದಕ್ಕೇ ನಾಗವೇಣಿ ಕಂಪ್ಯೂಟರಿನಲ್ಲಿ ಅಂಥದೊಂದು ಕಲೆಯನ್ನು ಕಟ್ಟಿ, ಕೆಳಗಿನಿಂದ ಅಲುಗಿಸಿ, ಅಲೆ ಹೇಗೆ ಸಾಗುತ್ತದೆಂದು ನೋಡುತ್ತಿದ್ದಳು. ಮೂರು ವರ್ಷವಾಗಿತ್ತು. ಮೇಲೆ ಹೋದ ಅಲೆ ತಿರುಗಿ ಕೆಳಗೆ ಬರುತ್ತದೆ ಎಂದು ಕಂಡುಕೊಂಡಿದ್ದಳು. ಆ ಪ್ರಬಂಧವನ್ನು ಮರುದಿನ ಕಳಿಸಬೇಕಿತ್ತು.

ಕಲ್ಲುಬಾನಿಗೆ ನೀರು ಸುರಿದು ಹೊರಟಳು.

"ನಿಲ್ಲು. ನಾಲ್ಕು ಸಲ ತುಂಬಿಸಿದೆ. ಏನು ಕಂಡೆ?"

"ನೀರು. ಬಾನಿಯಲ್ಲಿ ಇನ್ನೇನು, ಹಾಲು ಕಾಣುತ್ತದೆಯೇ?"

ಭಾಗೀರಥಿಯಮ್ಮ ಎದ್ದು ಬಂದು ಬಾನಿಯ ನಡುವೆ ಒಂದು ಅವರೆಕಾಳು ಹಾಕಿದರು. ಅಲೆ ಅಂಚಿನವರೆಗೆ ಹೋಯಿತು. ಕಲ್ಲಿಗೆ ತಾಗಿ ಹಿಂದಕ್ಕೆ ಬಂತು.

ನಾಗವೇಣಿ ಕೊಡ ಕೆಳಗಿಟ್ಟು ಬಾನಿಯ ಮೇಲೆ ಬಗ್ಗಿದಳು.

"ನಿನ್ನ ಸೂರ್ಯನಿಗೆ ಅಂಚು ಎಲ್ಲಿದೆ?"

"ಮೇಲುಗಡೆ. ಯಂತ್ರಕ್ಕೆ ಅದಕ್ಕಿಂತ ಹೆಚ್ಚು ಲೆಕ್ಕ ಹೊರುವ ಶಕ್ತಿ ಇರಲಿಲ್ಲ. ನಾನೇ ಅಲ್ಲಿಗೆ ನಿಲ್ಲಿಸಿದೆ."

"ನಿಲ್ಲಿಸಿದ ಕಡೆ ಗೋಡೆ ಎದ್ದಿತು."

"ಮೂರು ವರ್ಷ ನಾನು ಗೋಡೆಯನ್ನು ಅಳೆದೆ. ಮೊದಲೇ ಹೇಳಬಾರದಿತ್ತೇ ಮೇಡಂ?"

"ಬೆಳಿಗ್ಗೆಯಿಂದ ಕರೆಯುತ್ತಲೇ ಇದ್ದೇನೆ."

ನಾಗವೇಣಿ ಹೊಳೆಯ ಮರಳಿನ ಮೇಲೆ ಹೋಗಿ ಕೂತಳು. ಅಳಬೇಕೆಂದೇ ಹೋದವಳು. ಆದರೆ ಎದುರಿಗೆ ಸಣ್ಣ ಅಲೆಗಳು ಇಳಿಜಾರು ಮರಳನ್ನು ಏರಿ, ತೆಳ್ಳಗಾಗಿ, ಇಂಗುತ್ತಿದ್ದವು. ಒಂದೂ ಹಿಂದಕ್ಕೆ ಹೋಗಲಿಲ್ಲ.

ಎಮ್ಮೆಗಳು ನೀರು ಕುಡಿದು ಹೋಗುವವರೆಗೂ ನೋಡಿದಳು. ಆಮೇಲೆ ಎದ್ದು, ಸೆರಗಿನ ಮರಳು ಕೊಡವಿ, ಒಳಗೆ ಓಡಿದಳು.

ಪ್ರಬಂಧ ಕಳಿಸಲಿಲ್ಲ. ತನ್ನ ಸೂರ್ಯನ ಮೇಲಂಚಿನಲ್ಲಿ ಮರಳು ಹಾಸಿದಳು. ಎಂದರೆ, ಅಲೆ ಮುಂದೆ ಹೋದಷ್ಟೂ ಸೋಲುತ್ತಾ ಅಡಗುವಂತೆ ಲೆಕ್ಕ ತಿದ್ದಿದಳು.

ಹತ್ತನೇ ದಿನ ಯಾರೂ ಕರೆಯದೆ ತಾನೇ ಜಗಲಿಗೆ ಬಂದಳು.

"ತಿರುಗಿ ಬರುತ್ತಿದ್ದ ಅಲೆಗಳೆಲ್ಲ ಹೋದವು ಮೇಡಂ."

"ಎಲ್ಲವೂ?"

"ಒಂದನ್ನು ಬಿಟ್ಟು. ಬಹಳ ಸಣ್ಣದು. ಅಂಚು ಮುಟ್ಟುವ ಮೊದಲೇ, ಅರ್ಧ ದಾರಿಯಿಂದ ತಿರುಗುತ್ತದೆ. ಯಂತ್ರ ಹೊರುವಂತೆ ಲೆಕ್ಕವನ್ನು ಒರಟಾಗಿಸಿ, ಅಂಚನ್ನು ಎರಡು ಪಟ್ಟು ದೂರ ಸರಿಸಿದೆ. ಆಗಲೂ ಅಲ್ಲಿಂದಲೇ ತಿರುಗಿತು. ಅದು ನಾನು ಹಾಕಿದ ಅಂಚಿನಿಂದ ಬಂದದ್ದಲ್ಲ."

ಭಾಗೀರಥಿಯಮ್ಮ ಅವರೆಕಾಯಿಯ ಮೊರವನ್ನು ಸರಿಸಿ, ಅವಳಿಗೆ ಪಕ್ಕದಲ್ಲಿ ಕೂರಲು ಜಾಗ ಮಾಡಿದರು.

"ಮೊದಲಿನ ಗೋಡೆ ನೀನು ಕಟ್ಟಿದ್ದು. ಅರ್ಧ ದಾರಿಯ ಈ ಗೋಡೆಯನ್ನು ಕಟ್ಟಿದವರು ಯಾರು?"